ಪರದೇಶದ ಸಭೆಯಲ್ಲಿ ತಾಯ್ನುಡಿ

ತಾಯ್ನಾಡನ್ನು ತೊರೆದವರು ತಾವು ಸೇರಿದ ನಾಡಿನಲ್ಲಿ ಶಾಸನಕರ್ತರಾದುದು ಚರಿತ್ರೆಗೆ ಹೊಸದಲ್ಲ. 1825ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಥಾಮಸ್ ಡಾರ್ಸಿ ಮೆಗೀ ಅಮೇರಿಕೆಯಲ್ಲಿ ಪತ್ರಿಕೆ ನಡೆಸಿ, 1857ರಲ್ಲಿ ಕೆನಡಾ ಸೇರಿ, ಆ ದೇಶದ ಒಕ್ಕೂಟವನ್ನು ಕಟ್ಟಿದವರಲ್ಲಿ ಒಬ್ಬನಾದನು. 1868ರಲ್ಲಿ, ರಾಜಧಾನಿ ಒಟ್ಟಾವದಲ್ಲಿ ಸಭೆಯಿಂದ ಬಿಡಾರಕ್ಕೆ ಮರಳುವಾಗ ಗುಂಡಿಗೆ ಬಲಿಯಾದನು.

ಅದೇ ಒಟ್ಟಾವದ ಸಂಸತ್ತಿಗೆ ಕನ್ನಡಿಗರೊಬ್ಬರು ಆಯ್ಕೆಯಾದುದು ನಮಗೆ ಹೆಮ್ಮೆಯ ಸಂಗತಿ. ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಶ್ರೀ ಚಂದ್ರ ಆರ್ಯರು ಧಾರವಾಡದಲ್ಲಿ ವ್ಯಾಸಂಗ ಮಾಡಿ, 2006ರಲ್ಲಿ ಕೆನಡಾಕ್ಕೆ ತೆರಳಿದರು. ನೇಪಿಯನ್ ಕ್ಷೇತ್ರದ ಮತದಾರರು 2015, 2019, 2021ರಲ್ಲಿ ಅವರನ್ನು ಆರಿಸಿದರು. ಇಂಗ್ಲಿಷು, ಫ್ರೆಂಚುಗಳು ಆಡಳಿತ ಭಾಷೆಗಳಾದ ಆ ಸಭೆಯಲ್ಲಿ 2022ರ ಮೇ ತಿಂಗಳಲ್ಲಿ ಅವರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಕುವೆಂಪು ಅವರನ್ನು ಸ್ಮರಿಸಿದರು. 2025ರಲ್ಲಿ ಅವರ ಪಕ್ಷವು ಮತ್ತೆ ಸ್ಪರ್ಧಿಸಲು ಅವಕಾಶ ಕೊಡಲಿಲ್ಲ. ಸ್ಥಾನ ಹೋಯಿತು, ಆಡಿದ ನುಡಿ ಉಳಿಯಿತು.

ಧಾರಾಪುರಂನ ನಮ್ಮ ಮನೆಗಳಲ್ಲಿ ಕನ್ನಡವು ಅಡಿಗೆಮನೆಯ ನುಡಿ. ಹೊಸಿಲು ದಾಟಿದರೆ ತಮಿಳು. ತಮಿಳು ನಮಗೆ ಅನ್ನವಿತ್ತ ನುಡಿ; ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ನಾಲ್ವರೆದುರು ಕನ್ನಡವಾಡಲು ನಮ್ಮ ಮಕ್ಕಳು ನಾಚುವುದನ್ನು ನಾವು ದಿನವೂ ಕಾಣುತ್ತೇವೆ. ಕಡಲಾಚೆ ನಾಚದೆ ನಿಂತವರ ಈ ಕಥೆಯನ್ನು ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅವರಿಗೆ ಹೇಳೋಣ, ಕನ್ನಡದಲ್ಲಿಯೇ.