ಲೋಹಾಫೆಕ್ಸ್ ಬಾನ್ ನಿರ್ಣಯವನ್ನು ಮುರಿಯಿತೇ?

ಭಾರತ ಮತ್ತು ಜರ್ಮನಿ ಕೂಡಿ 2009ರಲ್ಲಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಡೆಸಿದ ಲೋಹಾಫೆಕ್ಸ್ ಪ್ರಯೋಗದ ಬಗ್ಗೆ ಒಂದೇ ತೀರ್ಪು ಬರಹದಿಂದ ಬರಹಕ್ಕೆ ದಾಟಿ ಬಂದಿದೆ: ಕಡಲಿಗೆ ಕಬ್ಬಿಣ ಹಾಕುವುದನ್ನು ವಿಶ್ವಸಂಸ್ಥೆ 2008ರಲ್ಲೇ ನಿಷೇಧಿಸಿತ್ತು, ವಿಜ್ಞಾನಿಗಳು ಆ ನಿಷೇಧವನ್ನು ಮುರಿದರು. ಚಳವಳಿಗಾರರ ಸಂಘಟನೆಯಾದ ಇಟಿಸಿ ಗ್ರೂಪ್ ಆ ದಿನಗಳಲ್ಲೇ ಎತ್ತಿದ ಆಕ್ಷೇಪವಿದು. ಆಕ್ಷೇಪಿಸುವುದು ಚಳವಳಿಗಾರರ ಹಕ್ಕು. ಅದನ್ನೇ ಇತಿಹಾಸವೆಂದು ಬರೆದುಕೊಂಡ ವಿದ್ವಾಂಸರು ಮಾತ್ರ ನಿರ್ಣಯದ ಮೂಲಪಾಠವನ್ನು ಪೂರ್ತಿ ಓದಿದಂತೆ ಕಾಣುವುದಿಲ್ಲ.

ಚರ್ಚೆಯ ಕೇಂದ್ರದಲ್ಲಿರುವುದು 2008ರ ಮೇ ತಿಂಗಳಲ್ಲಿ ಬಾನ್‌ನಲ್ಲಿ ಸೇರಿದ ಜೀವವೈವಿಧ್ಯ ಒಪ್ಪಂದದ ಒಂಬತ್ತನೆಯ ಸಮಾವೇಶದ ನಿರ್ಣಯ. ಸಾಕಷ್ಟು ವೈಜ್ಞಾನಿಕ ಆಧಾರ ದೊರೆತು, ಜಾಗತಿಕ ನಿಯಂತ್ರಣ ವ್ಯವಸ್ಥೆಯೊಂದು ರೂಪುಗೊಳ್ಳುವವರೆಗೆ ಸಾಗರ ಫಲೀಕರಣ, ಅಂದರೆ ಕಬ್ಬಿಣದಂಥ ಪೋಷಕಾಂಶವನ್ನು ಕಡಲಿಗೆ ಹಾಕುವ ಚಟುವಟಿಕೆ, ನಡೆಯದಂತೆ ನೋಡಿಕೊಳ್ಳಬೇಕೆಂದು ಅದು ಸದಸ್ಯ ರಾಷ್ಟ್ರಗಳನ್ನು ಕೋರುತ್ತದೆ. ಕರಾವಳಿ ನೀರಿನಲ್ಲಿ ನಡೆಯುವ ಸಣ್ಣ ಪ್ರಮಾಣದ ವೈಜ್ಞಾನಿಕ ಅಧ್ಯಯನಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಪರಿಸರ ಪರಿಣಾಮದ ಮೌಲ್ಯಮಾಪನ ಮೊದಲೇ ಆಗಿರಬೇಕು, ಇಂಗಾಲದ ಕ್ರೆಡಿಟ್ ಮಾರಾಟ ಕೂಡದು. ಲೋಹಾಫೆಕ್ಸ್ ನಡೆದದ್ದು ದಕ್ಷಿಣ ಅಕ್ಷಾಂಶ 48 ಡಿಗ್ರಿಯ ಆಸುಪಾಸಿನ ತೆರೆದ ಕಡಲಿನಲ್ಲಿ. ವಿನಾಯಿತಿಯ ಸಾಲನ್ನಷ್ಟೇ ಹಿಡಿದರೆ ಪ್ರಯೋಗ ಅದರ ಹೊರಗೆ ಬೀಳುತ್ತದೆ. ಇದನ್ನು ಒಪ್ಪದೆ ವಾದಿಸುವವರ ಪಕ್ಷ ನನ್ನದಲ್ಲ.

ಆದರೆ ಆ ಸಾಲಿಗೆ ಮೊದಲೇ, ಅದೇ ಪರಿಚ್ಛೇದದಲ್ಲಿ, ಕಡಲಿಗೆ ತ್ಯಾಜ್ಯ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದ ಮತ್ತು ಅದರ 1996ರ ಪ್ರೋಟೊಕಾಲ್ ಅಡಿಯಲ್ಲಿ ನಡೆಯುತ್ತಿರುವ ವೈಜ್ಞಾನಿಕ, ಕಾನೂನಾತ್ಮಕ ವಿಶ್ಲೇಷಣೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂಬ ಮಾತಿದೆ. ಬಾನ್ ನಿರ್ಣಯ ತನ್ನನ್ನೇ ಕಡೆಯ ಮಾತೆಂದು ಸಾರಿಕೊಳ್ಳಲಿಲ್ಲ; ಇನ್ನೊಂದು ವೇದಿಕೆಯ ಕಡೆಗೆ ಬಾಗಿಲು ತೆರೆದಿಟ್ಟಿತು. ಮೇ ತಿಂಗಳಿಂದ ನೇರವಾಗಿ ಮರುವರ್ಷದ ಜನವರಿಗೆ ಹಾರುವ ಲೇಖಕರ ಬರಹದಲ್ಲಿ ನಡುವಿನ ಎಂಟು ತಿಂಗಳೇ ಕಾಣೆಯಾಗಿವೆ. ಎರಡು ಮುಖ್ಯ ದಾಖಲೆಗಳು ಹುಟ್ಟಿದ್ದು ಆ ಅವಧಿಯಲ್ಲೇ.

ಮೊದಲನೆಯದು ಜೂನ್ ತಿಂಗಳದು. ಯುನೆಸ್ಕೋದ ಅಂತರ್‌ಸರ್ಕಾರಿ ಸಾಗರವಿಜ್ಞಾನ ಆಯೋಗದ ತಜ್ಞರ ಗುಂಪು ಕರಾವಳಿಯ ಮಿತಿಗೆ ವೈಜ್ಞಾನಿಕ ಸಮರ್ಥನೆ ಇಲ್ಲವೆಂದು ಆಕ್ಷೇಪಿಸಿತು. ಕಾರಣ ಸ್ಪಷ್ಟ. ನದಿ, ಧೂಳು, ತಳದ ಕೆಸರುಗಳಿಂದ ಕರಾವಳಿಗೆ ಕಬ್ಬಿಣ ಸಹಜವಾಗಿಯೇ ಸೇರುತ್ತದೆ. ಬೇರೆ ಪೋಷಕಾಂಶಗಳಿದ್ದೂ ಕಬ್ಬಿಣವೊಂದರ ಕೊರತೆಯಿಂದ ಸಸ್ಯಪ್ಲವಕ ಬೆಳೆಯದ ನೀರು ಇರುವುದು ದಕ್ಷಿಣ ಮಹಾಸಾಗರದಂಥ ದೂರದ ಕಡಲಿನಲ್ಲಿ. ಇಂಥ ನೀರಿಗೆ ಕಬ್ಬಿಣ ಹಾಕಿದರೆ ಸಸ್ಯಪ್ಲವಕ ಬೆಳೆದು ವಾತಾವರಣದ ಇಂಗಾಲವನ್ನು ಹೀರುತ್ತದೆಂಬ ಸಾಗರವಿಜ್ಞಾನಿ ಜಾನ್ ಮಾರ್ಟಿನ್ ಅವರ ಊಹೆಯನ್ನು ಪರೀಕ್ಷಿಸಬೇಕಾದದ್ದೂ ಅಲ್ಲೇ. ಹಾಕಿದ ಕಬ್ಬಿಣ ಚದುರದೆ ಉಳಿಯಲು ಮುಚ್ಚಿದ ಸುಳಿಯೊಂದು ಬೇಕು. ಜನಬಳಕೆಯ ದಡದ ನೀರಲ್ಲ.

ಎರಡನೆಯದು ಅಕ್ಟೋಬರ್ 31ರ ಲಂಡನ್ ನಿರ್ಣಯ. ಸಕ್ರಮ ವೈಜ್ಞಾನಿಕ ಸಂಶೋಧನೆಯಲ್ಲದ ಸಾಗರ ಫಲೀಕರಣಕ್ಕೆ ಅವಕಾಶ ಸಲ್ಲದು, ಸಂಶೋಧನೆಯ ಪ್ರಸ್ತಾವಗಳನ್ನು ಒಂದೊಂದಾಗಿ ಪರಿಶೀಲಿಸಬೇಕು ಎಂದಿತು. ಕರಾವಳಿಯ ಷರತ್ತು ಅದರಲ್ಲಿಲ್ಲ. ಒಂದು ಒಪ್ಪಂದದ ನಿರ್ಣಯ ಇನ್ನೊಂದನ್ನು ರದ್ದು ಮಾಡಲಾರದು ಎಂಬ ಆಕ್ಷೇಪ ಸರಿಯಾದದ್ದೇ. ಎರಡೂ ಕಾನೂನಿನ ಬಲದಿಂದ ಕಟ್ಟುವ ನಿರ್ಣಯಗಳಲ್ಲ. ಆದರೆ ಬಾನ್ ತಾನೇ ಬೊಟ್ಟು ಮಾಡಿದ ವೇದಿಕೆ ಕೊಟ್ಟ ಉತ್ತರವನ್ನು ಬದಿಗಿಟ್ಟು ಬಾನ್ ನಿರ್ಣಯವನ್ನು ಅರ್ಥೈಸುವುದು ಯಾವ ವಿಧಾನ?

ಪ್ರಯೋಗದ ನಿಜವಾದ ದೋಷ ಬೇರೆಡೆ ಇದೆ. ಪೋಲಾರ್‌ಸ್ಟೆರ್ನ್ ಹಡಗು ಜನವರಿ 7ರಂದು ಕೇಪ್‌ಟೌನ್ ಬಿಟ್ಟಿತು. ಜರ್ಮನಿಯ ಪರಿಸರ ಸಚಿವಾಲಯ ತಕರಾರು ತೆಗೆದ ಮೇಲೆ ಸಂಶೋಧನಾ ಸಚಿವಾಲಯ ಕೆಲಸ ತಡೆಹಿಡಿದು, ಸ್ವತಂತ್ರ ಅಭಿಪ್ರಾಯಗಳನ್ನು ತರಿಸಿ, 26ರಂದು ಒಪ್ಪಿಗೆ ಕೊಟ್ಟಿತು. ಹಡಗು ಹೊರಡುವ ಮೊದಲೇ ಮುಗಿಯಬೇಕಿದ್ದ ಪರಿಶೀಲನೆ ನಡುಗಡಲಲ್ಲಿ ನಡೆಯಿತು. ಬಾನ್ ನಿರ್ಣಯದ ಜೀವಾಳವಾದ ಪೂರ್ವ ಮೌಲ್ಯಮಾಪನ ಇಲ್ಲಿ ಸೋತಿತು. ಸ್ಥಳದ ತಕರಾರಿನ ಗದ್ದಲದಲ್ಲಿ ಇದನ್ನು ಕೇಳಿದವರು ಕಡಿಮೆ.

ಪ್ರಮಾಣದ ಬಗ್ಗೆಯೂ ಗೊಂದಲವಿದೆ. ಇಪ್ಪತ್ತು ಟನ್ ಕಬ್ಬಿಣ ಸುರಿದರೆಂದು ಬರೆಯುವವರು ಫೆರಸ್ ಸಲ್ಫೇಟ್ ಉಪ್ಪಿನ ತೂಕವನ್ನು ಕಬ್ಬಿಣದ ತೂಕವೆಂದು ಎಣಿಸಿದ್ದಾರೆ. ಆ ಹರಳಿನಲ್ಲಿ ಕಬ್ಬಿಣದ ಪಾಲು ಐದನೇ ಒಂದು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಜೀಹ್ ನಖ್ವಿ ಮತ್ತು ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಕ್ಟರ್ ಸ್ಮೆಟಾಚೆಕ್ ಅವರ ತಂಡ 300 ಚದರ ಕಿ.ಮೀ. ನೀರಿಗೆ ಎರಡು ಸಲ, ತಲಾ ಎರಡು ಟನ್ ಕಬ್ಬಿಣ ಹಾಕಿ 39 ದಿನ ಅಳೆಯಿತು. ಸಿಲಿಸಿಕ್ ಆಮ್ಲದ ಕೊರತೆಯಿಂದ ಸಿಲಿಕಾ ಚಿಪ್ಪಿನ ಸಸ್ಯಪ್ಲವಕಗಳಾದ ಡಯಾಟಮ್‌ಗಳು ಬೆಳೆಯಲಿಲ್ಲ. ಆಳಕ್ಕಿಳಿದ ಇಂಗಾಲ ಸುಳಿಯ ಹೊರಗಿನದಕ್ಕಿಂತ ಹೆಚ್ಚಲಿಲ್ಲ. ಕಬ್ಬಿಣ ಹಾಕಿದರೆ ವಾತಾವರಣದ ಇಂಗಾಲ ಕಡಲ ತಳ ಸೇರುತ್ತದೆಂದು ಎಲ್ಲೆಡೆಯೂ ನಂಬುವಂತಿಲ್ಲ ಎಂಬುದನ್ನು, ಕ್ರೆಡಿಟ್ ವ್ಯಾಪಾರಿಗಳಿಗೆ ಒಗ್ಗದ ಈ ಸತ್ಯವನ್ನು, ತೋರಿಸಿಕೊಟ್ಟದ್ದು ತಪ್ಪಿತಸ್ಥ ಎನಿಸಿಕೊಂಡ ಈ ಪ್ರಯೋಗವೇ.

ಕಾನೂನಿನ ಬಲದಿಂದ ಕಟ್ಟುವ ನಿಯಮದ ಕೊರತೆ ಮಾತ್ರ ಮುಂದೆಯೂ ಉಳಿಯಿತು. 2012ರಲ್ಲಿ ಕೆನಡಾದ ಹೈಡಾ ಗ್ವಾಯ್ ಬಳಿ ಖಾಸಗಿಯವರು ಸುಮಾರು ನೂರು ಟನ್ ಕಬ್ಬಿಣದ ಉಪ್ಪು ಸುರಿದರು. ಮರುವರ್ಷದ ಅಕ್ಟೋಬರ್‌ನಲ್ಲಿ ಲಂಡನ್ ಪ್ರೋಟೊಕಾಲ್‌ಗೆ ಸಾಗರ ಫಲೀಕರಣವನ್ನು ನಿಯಂತ್ರಿಸುವ ಬದ್ಧಕಾರಿ ತಿದ್ದುಪಡಿ ಅಂಗೀಕಾರವಾಯಿತು. ಅದು ಜಾರಿಯಾಗಲು ಮೂರನೇ ಎರಡರಷ್ಟು ಸದಸ್ಯ ರಾಷ್ಟ್ರಗಳ ಒಪ್ಪಿಗೆ ಬೇಕು. ಆ ಒಪ್ಪಿಗೆ ಇನ್ನೂ ಬಂದಿಲ್ಲ.