ಘೋರ ಅಪರಾಧ ಮತ್ತು ಶಿಕ್ಷೆ: ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಯ ಇತಿಹಾಸ

ಕೊಲೆ, ದರೋಡೆ, ಅತ್ಯಾಚಾರದಂಥ ಘೋರ ಅಪರಾಧಗಳನ್ನು ವಿಚಾರಿಸಿ ಶಿಕ್ಷೆ ವಿಧಿಸುವ ಪದ್ಧತಿ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹಲವು ಆಳ್ವಿಕೆಗಳ ಕೈ ದಾಟಿ ಬಂದಿದೆ. ಅಪರಾಧಗಳು ಹೆಚ್ಚುಕಡಿಮೆ ಹಳೆಯವೇ. ಅವುಗಳ ತೂಕ ನಿರ್ಧರಿಸುವವರು ಯಾರು, ಯಾವ ಅಳತೆಯಿಂದ ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಸವಣೂರ ಮತ್ತು ಶಿಗ್ಗಾಂವಿಗೆ ಹತ್ತಿರದ ಲಕ್ಷ್ಮೇಶ್ವರದಲ್ಲಿ ಎಂಟನೆಯ ಶತಮಾನದ ಶಾಸನವೊಂದಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಅಂದರೆ ಆಗಿನ ಲಕ್ಷ್ಮೇಶ್ವರದ, ಮಹಾಜನರಿಗೂ ಪ್ರಜೆಗಳಿಗೂ ಹಾಕಿಕೊಟ್ಟ ಕಟ್ಟಳೆ ಅದು. ತೆರಿಗೆಗಳ ಜೊತೆಗೆ ಕಳ್ಳತನದ ದಂಡ, ದಶಾಪರಾಧದ ದಂಡಗಳೂ ಅದರಲ್ಲಿ ಬರುತ್ತವೆ. ಮುಂದಿನ ದಾನಶಾಸನಗಳಲ್ಲಿ ನಿಧಿನಿಕ್ಷೇಪದ ಪಕ್ಕದಲ್ಲೇ 'ದಂಡದೋಷ' ಕಾಣುತ್ತದೆ. ಅಪರಾಧಿ ತೆತ್ತ ಹಣ ಊರಿನ ಆದಾಯವಾಗಿತ್ತು. ಅಗ್ರಹಾರಕ್ಕೋ ದೇವಾಲಯಕ್ಕೋ ಅದನ್ನು ದತ್ತಿಯಾಗಿ ಬಿಟ್ಟುಕೊಡಬಹುದಿತ್ತು. ನೊಂದವರ ಕಡೆಯ ದಾಖಲೆಯನ್ನು ವೀರಗಲ್ಲುಗಳಲ್ಲಿ ಹುಡುಕಬೇಕು. ಪಾನುಂಗಲ್ಲು ಐನೂರರ ನೆಲದಲ್ಲಿ, ಅಂದರೆ ಇಂದಿನ ಹಾನಗಲ್ಲ ಸೀಮೆಯಲ್ಲಿ, ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವರ, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಮಡಿದವರ ಕಲ್ಲುಗಳಿವೆ. ದೋಚಿದವನಿಗೆ ಏನಾಯಿತೆಂದು ಅವು ಸಾಮಾನ್ಯವಾಗಿ ಹೇಳುವುದಿಲ್ಲ.

ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದಾಗ ಹಾನಗಲ್ಲ ಸೀಮೆ ಅದೇ ಸಾಮ್ರಾಜ್ಯದೊಳಗಿತ್ತು. ಸ್ಮೃತಿಯಲ್ಲಿ ಶಿಕ್ಷೆ ನಾಲ್ಕು ಬಗೆ: ಛೀಮಾರಿ, ಬೈಗುಳ, ಹಣದ ದಂಡ, ವಧೆ. ಹಣದ ದಂಡದ ಮೇಲಿನ ದರ್ಜೆ, ಅಂದರೆ 'ಉತ್ತಮ ಸಾಹಸ', 1080 ಪಣ, ಮಧ್ಯಮ 540, ಕೆಳಗಿನದು 270. ಶಿಕ್ಷೆ ಕೊಡುವ ಮುನ್ನ ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕಸುಬು, ಸಂಪತ್ತು ನೋಡಬೇಕೆಂದೂ ಅದು ಹೇಳುತ್ತದೆ. ಶಿಕ್ಷೆಯ ಪ್ರಮಾಣದ ಬಗ್ಗೆ ಇಂದಿನ ಕೋರ್ಟುಗಳಲ್ಲಿ ನಡೆಯುವ ವಾದದ ಬಹುಪಾಲು ಅಂಶಗಳು ಇದರಲ್ಲಿವೆ. ಆದರೆ ಅದೇ ಸ್ಮೃತಿ ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ಶಿಕ್ಷೆ ಹೇಳುತ್ತದೆ. ಆ ಅನ್ಯಾಯವನ್ನು ಮರೆತು ಅದರ ಸೂಕ್ಷ್ಮತೆಯನ್ನಷ್ಟೇ ಹೊಗಳುವುದು ಸರಿಯಲ್ಲ.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1827ರಲ್ಲಿ ಮುಂಬಯಿ ಸರಕಾರದ ಹದಿನಾಲ್ಕನೆಯ ರೆಗ್ಯುಲೇಶನ್ ಅಪರಾಧಗಳನ್ನೂ ಶಿಕ್ಷೆಗಳನ್ನೂ ಬರಹಕ್ಕೆ ತಂದಿತು. ಭಾರತೀಯ ದಂಡ ಸಂಹಿತೆ ಸಿದ್ಧವಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಆಗ ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನ ಮುಖ್ಯ ಊರು, ಹಿರೇಕೆರೂರ ಕೋಡ ತಾಲ್ಲೂಕಿನ ಮುಖ್ಯ ಊರು. ಸವಣೂರ ಮಾತ್ರ ನವಾಬರ ಸಂಸ್ಥಾನ. ಸುತ್ತಲೂ ಧಾರವಾಡ ಜಿಲ್ಲೆಯಿದ್ದರೂ ಬ್ರಿಟಿಷ್ ಕೋರ್ಟುಗಳ ಅಧಿಕಾರ ಸಂಸ್ಥಾನದ ಎಲ್ಲೆಗೆ ಬಂದು ನಿಲ್ಲುತ್ತಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ನಾಲ್ಕೂ ಊರು ಒಂದೇ ಕಾನೂನು, ಒಂದೇ ಕೋರ್ಟಿನ ಕೆಳಗೆ ಬಂದವು.

ಆ ಕಾಲದಲ್ಲಿ ಹಳ್ಳಿಯಲ್ಲಿ ಸರಕಾರವೆಂದರೆ ಗೌಡ. 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆಯಂತೆ ಪೊಲೀಸ್ ಪಾಟೀಲನಾದ ಗೌಡನೇ ಅಪರಾಧದ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಬೇಕಿತ್ತು. ಅನುಮಾನದ ಸಾವಾದರೆ ಪಂಚರನ್ನು ಕೂಡಿಸಿ ವಿಚಾರಿಸಬೇಕಿತ್ತು. ಫೌಜದಾರ ಊರಿಗೆ ಬರುವ ಹೊತ್ತಿಗೆ ಕೇಸಿನ ಮೊದಲ ರೂಪ ಗೌಡರ ಮನೆಯ ಪಡಸಾಲೆಯಲ್ಲೇ ತಯಾರಾಗಿರುತ್ತಿತ್ತು. ಅದು ಗೌಡಕಿಯ ಬಲ, ಬಡವರ ಪಾಲಿಗೆ ಅದೇ ಭಯ. ಕೊಲೆ, ದರೋಡೆ ಸೆಶನ್ಸ್ ಕೋರ್ಟಿಗೆ ಹೋಗುತ್ತಿದ್ದವು. ಅಲ್ಲಿ ಕೊಲೆ ಸಾಬೀತಾದರೆ ಗಲ್ಲು, ಇಲ್ಲವೇ ಕರಿನೀರು. ಮರಣದಂಡನೆಗೆ ಹೈಕೋರ್ಟಿನ ಒಪ್ಪಿಗೆ ಬೇಕೇ ಬೇಕು. ಆ ಕಟ್ಟಳೆ ಇಂದಿಗೂ ಉಳಿದಿದೆ.

ದೊಡ್ಡ ಪಲ್ಲಟ ಬಂದದ್ದು ಸ್ವಾತಂತ್ರ್ಯದ ಮೇಲೆ. 1898ರ ದಂಡಪ್ರಕ್ರಿಯಾ ಸಂಹಿತೆಯಂತೆ ಕೊಲೆಗೆ ಗಲ್ಲೇ ವಾಡಿಕೆ. ಗಲ್ಲು ಬೇಡವೆಂದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಆ ನಿಯಮವನ್ನು ತೆಗೆಯಿತು. ಕರಿನೀರು ಹೋಗಿ ಜೀವಾವಧಿ ಬಂದದ್ದೂ ಆ ವರ್ಷದ ಶಾಸನದಿಂದಲೇ. 1973ರ ಸಂಹಿತೆ ಲೆಕ್ಕವನ್ನು ಪೂರಾ ತಿರುಗಿಸಿತು: ಗಲ್ಲು ಕೊಡುವುದಾದರೆ ವಿಶೇಷ ಕಾರಣ ಬರೆಯಬೇಕು, ತಪ್ಪಿತಸ್ಥನೆಂದು ಹೇಳಿದ ಮೇಲೆ ಶಿಕ್ಷೆಯ ಬಗ್ಗೆ ಆತನ ಮಾತನ್ನು ಬೇರೆಯಾಗಿ ಕೇಳಬೇಕು. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕಷ್ಟೇ ಗಲ್ಲನ್ನು ಸೀಮಿತಗೊಳಿಸಿತು.

ಜನರ ಬಾಯಲ್ಲಿ ಕಾನೂನು ನಂಬರುಗಳಾಗಿ ಉಳಿದಿದೆ. 302 ಎಂದರೆ ಕೊಲೆ. 307 ಎಂದರೆ ಹಾಫ್ ಮರ್ಡರ್. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಯಾದ ಮೇಲೆ ಇವು 103 ಮತ್ತು 109 ಆದವು. ಆದರೂ ಆ ದಿನಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಕಲಮೇ ಲಾಗೂ. ಕಲಮುಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದು ಹೊಲದ ಬದುವಿನ ಜಗಳದಲ್ಲಿ ಕಾಣುತ್ತದೆ. ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕ ಕುಡಗೋಲಿನಿಂದ ಒಂದೇ ಏಟು ಬಿದ್ದು ಒಬ್ಬ ಸತ್ತ ಎನ್ನಿ. ಕೊಲೆಯೆಂದು ತೀರ್ಮಾನವಾದರೆ ಗಲ್ಲು ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆಯಿಲ್ಲ. ಮೊದಲೇ ಹೂಡಿದ ಸಂಚಿಲ್ಲದೆ, ಹಠಾತ್ ಜಗಳದ ಆವೇಶದಲ್ಲಿ ಆದದ್ದು, ಹೊಡೆದವನು ಕ್ರೌರ್ಯವನ್ನೂ ತೋರಿಲ್ಲ ಎಂದಾದರೆ ಅದು ಕೊಲೆಯಲ್ಲದ ನರಹತ್ಯೆ, ಹಳೆಯ 304, ಈಗಿನ 105. ಉದ್ದೇಶವಿರದೆ ಅರಿವು ಮಾತ್ರ ಇತ್ತೆಂದರೆ ಗರಿಷ್ಠ ಹತ್ತು ವರ್ಷ. ಏಟುಗಳೆಷ್ಟು, ಬಿದ್ದದ್ದೆಲ್ಲಿ, ಆಯುಧ ಮನೆಯಿಂದ ತಂದದ್ದೋ ಹೊಲದಲ್ಲೇ ಇದ್ದದ್ದೋ ಎಂದು ಪಂಚನಾಮೆಯಲ್ಲಿ ಬರೆದ ನಾಲ್ಕು ಸಾಲು ಒಬ್ಬನ ಬದುಕಿನ ಹತ್ತಿಪ್ಪತ್ತು ವರ್ಷ ನಿರ್ಧರಿಸುತ್ತವೆ.

ಆರೋಪದ ಕಲಮು ನಡುವೆಯೂ ಬದಲಾಗಬಹುದು. 2024ರ ಜನವರಿಯಲ್ಲಿ ಹಾನಗಲ್ಲ ತಾಲ್ಲೂಕಿನ ವಸತಿಗೃಹವೊಂದಕ್ಕೆ ಗುಂಪು ನುಗ್ಗಿದ ಪ್ರಕರಣ ಮೊದಲು ಹಲ್ಲೆಯ ಕೇಸಾಗಿ ದಾಖಲಾಗಿತ್ತು. ಅಲ್ಲಿದ್ದ ಮಹಿಳೆಯು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ ಸಾಮೂಹಿಕ ಅತ್ಯಾಚಾರದ ಕಲಮು ಸೇರಿತು. ಸಾಬೀತಾದರೆ ಅದಕ್ಕೆ ಕನಿಷ್ಠ ಇಪ್ಪತ್ತು ವರ್ಷ. 2025ರ ಮೇ ತಿಂಗಳಲ್ಲಿ ಆರೋಪಿಗಳು ಜಾಮೀನಿನ ಮೇಲೆ ಹೊರಬಂದು ಅಕ್ಕಿಆಲೂರಿನಲ್ಲಿ ಮೆರವಣಿಗೆ ಮಾಡಿದಾಗ ನಾಡೆಲ್ಲ ಸಿಟ್ಟಾಯಿತು. ಪೊಲೀಸರು ಬೇರೆಯೇ ಕೇಸು ದಾಖಲಿಸಿದರು. ಜಾಮೀನು ಬಿಡುಗಡೆಯ ತೀರ್ಪಲ್ಲ, ಆರೋಪಪಟ್ಟಿ ಶಿಕ್ಷೆಯೂ ಅಲ್ಲ. ಈ ಎರಡನ್ನೂ ಊರು ಬೆರೆಸಿ ನೋಡಿದಾಗ ಏಟು ಬೀಳುವುದು ನೊಂದ ಹೆಣ್ಣುಮಗಳ ಮೇಲೆ.

'ಜೀವಾವಧಿ ಅಂದರೆ ಹದಿನಾಲ್ಕು ವರ್ಷ' ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಜೀವಾವಧಿ ಎಂದರೆ ಉಳಿದ ಆಯುಷ್ಯವೆಲ್ಲ ಎಂದು ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿಯಾದವರು ಹದಿನಾಲ್ಕು ವರ್ಷ ತುಂಬುವ ಮುನ್ನ ಸರಕಾರದ ಮಾಫಿಯಿಂದ ಹೊರಬರುವಂತಿಲ್ಲ ಎಂಬ ನಿಯಮ 1978ರಲ್ಲಿ ಸೇರಿತು. ಕನಿಷ್ಠ ಮಿತಿಯನ್ನೇ ಜನ ಪೂರ್ತಿ ಶಿಕ್ಷೆಯೆಂದು ಓದಿಕೊಂಡರು. 2008ರಲ್ಲಿ ಕರ್ನಾಟಕದ್ದೇ ಆದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಮಾಫಿಯೇ ಇಲ್ಲದ ಜೀವಾವಧಿಯನ್ನೂ ಸುಪ್ರೀಂ ಕೋರ್ಟು ವಿಧಿಸಿತು.

1956ರ ಏಕೀಕರಣದವರೆಗೆ ಈ ಸೀಮೆಯ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು, ಆಮೇಲೆ ಬೆಂಗಳೂರಿಗೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಧಾರವಾಡದಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. 2009ರ ಕೊನೆಯಿಂದ ನೊಂದವರಿಗೂ ಮೇಲ್ಮನವಿಯ ಹಕ್ಕಿದೆ: ಆರೋಪಿ ಬಿಡುಗಡೆಯಾದರೆ, ಸಣ್ಣ ಕಲಮಿನಡಿ ಮಾತ್ರ ಶಿಕ್ಷೆಯಾದರೆ, ಪರಿಹಾರ ಸಾಲದಾದರೆ ಅವರೇ ಮೇಲಿನ ಕೋರ್ಟಿಗೆ ಹೋಗಬಹುದು. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗೆ ಸೆಶನ್ಸ್ ವಿಚಾರಣೆಯಲ್ಲಿ ಸರಕಾರದ ಖರ್ಚಿನಿಂದಲೇ ವಕೀಲರನ್ನು ಕೊಡಬೇಕು.