ತಲೆದಿಂಬು ಎಲ್ಲಿಂದ ಬಂತು?

ಇಂಗ್ಲಿಷಿನ 'ಡಿಫ್ಯೂಷನ್' ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ವಿಜ್ಞಾನದ ಪಾಠದಲ್ಲಿ ಅದು 'ವಿಸರಣ'. ಸಂಸ್ಕೃತಿಯ ಚರಿತ್ರೆಯಲ್ಲಿ 'ಪ್ರಸರಣ'. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಏನಾಗುತ್ತದೆ? ತಿ. ನರಸೀಪುರದ ಒಂದು ವಸ್ತುವನ್ನು ನೋಡೋಣ.

ಕಾವೇರಿ, ಕಪಿಲೆ ಕೂಡುವ ಈ ಊರಿನಲ್ಲಿ 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿಯವರು ಉತ್ಖನನ ನಡೆಸಿದರು. ವರದಿ 1971ರಲ್ಲಿ ಅಚ್ಚಾಯಿತು. ನವಶಿಲಾಯುಗದ ಜನರ ಮಡಕೆ ಚೂರುಗಳ ಜೊತೆಗೆ ಅಲ್ಲಿ ಸುಟ್ಟ ಮಣ್ಣಿನ ತಲೆದಿಂಬೂ ದೊರೆಯಿತು. ಮಲಗಿದಾಗ ಕತ್ತಿಗೆ ಆಸರೆ ಕೊಡುವ ಸಾಧನ. ಪ್ರಾಚೀನ ಈಜಿಪ್ಟಿನಲ್ಲಿ ಇಂಥವು ಹೇರಳ. 1922ರಲ್ಲಿ ಪತ್ತೆಯಾದ ತುತಾಂಖಮನ್ ಸಮಾಧಿಯಲ್ಲೂ ಇದ್ದವು. ವಿದ್ವಾಂಸರು ಈ ಹೋಲಿಕೆಯನ್ನು ಗಮನಿಸಿದರು. ಹಾಗಾದರೆ ನೈಲ್ ನದಿಯಿಂದ ಕಾವೇರಿಗೆ ಇದು ಪ್ರಸರಣವಾಯಿತೇ?

ಇಲ್ಲಿಯೇ ವಿಜ್ಞಾನದ ಅರ್ಥ ನಮ್ಮನ್ನು ದಾರಿ ತಪ್ಪಿಸುವುದು. ವಿಸರಣಕ್ಕೆ ಹೊರುವವರು ಬೇಡ. ಅಲುಗದ ನೀರಿನ ತಳದಲ್ಲಿ ಸಕ್ಕರೆ ಹಾಕಿಡಿ. ಅಣುಗಳು ಗೊತ್ತುಗುರಿಯಿಲ್ಲದೆ ಅಲೆಯುತ್ತಲೇ ಸಾಂದ್ರತೆ ಕಡಿಮೆಯಿರುವ ಕಡೆಗೆ ಹರಡುತ್ತವೆ. ಬಹಳ ನಿಧಾನ: ಒಂದು ಸೆಂಟಿಮೀಟರಿಗೆ ಸುಮಾರು ಒಂದು ದಿನ. ಒಂದು ಮೀಟರಿಗೆ ನೂರು ದಿನವಲ್ಲ, ಹತ್ತು ಸಾವಿರ ದಿನ! (ಸಂಗಮದಲ್ಲಿ ನೀರು ಬೆರೆಯುವುದು ಸುಳಿ, ಸೆಳವುಗಳಿಂದ, ವಿಸರಣದಿಂದಲ್ಲ.) ತಲೆದಿಂಬಾದರೋ ಅಣುವಲ್ಲ. ಅದನ್ನೋ, ಮಾಡುವ ಬಗೆಯನ್ನೋ ಯಾರಾದರೂ ಹೊತ್ತು ತರಬೇಕು, ಇಲ್ಲಿನವರು ಒಪ್ಪಬೇಕು.

ಕೈರೋದಲ್ಲಿ ಅಂಗರಚನಾಶಾಸ್ತ್ರ ಕಲಿಸಿದ್ದ ಗ್ರಾಫ್ಟನ್ ಎಲಿಯಟ್ ಸ್ಮಿತ್ ಎಂಬಾತ ನಾಗರಿಕತೆಯೆಲ್ಲ ಈಜಿಪ್ಟಿನಿಂದಲೇ ಹರಡಿತೆಂದು ವಾದಿಸಿದ. 1933ರಲ್ಲಿ ಸಂಸ್ಕೃತಿಯ ಪ್ರಸರಣವೆಂಬ ಹೆಸರಿನಲ್ಲೇ ಪುಸ್ತಕ ತಂದ. ಇಂದು ಆ ವಾದಕ್ಕೆ ಮನ್ನಣೆಯಿಲ್ಲ. ಕತ್ತುನೋವು ಎಲ್ಲ ದೇಶದವರಿಗೂ ಉಂಟಲ್ಲವೇ? ಚೀನಾ, ಜಪಾನುಗಳಲ್ಲೂ ಗಟ್ಟಿ ತಲೆದಿಂಬುಗಳಿದ್ದವು.

ಪ್ರಸರಣಕ್ಕೆ ಗಟ್ಟಿ ಸಾಕ್ಷ್ಯ ಬೇಕಾದರೆ ನಿಮ್ಮ ಮನೆಯ ರಾಗಿಮುದ್ದೆಯನ್ನೇ ತೆಗೆದುಕೊಳ್ಳಿ. ರಾಗಿಯ ಕಾಡುಮೂಲ ಪೂರ್ವ ಆಫ್ರಿಕದ್ದು. ಸಸ್ಯವಿಜ್ಞಾನಿಗಳು ಆ ನಂಟನ್ನು ತಳಿಯ ಆಧಾರದಿಂದಲೇ ತೋರಿಸಿದ್ದಾರೆ. ಅದು ತಾನಾಗಿ ಕಡಲು ದಾಟಲಿಲ್ಲ, ಮನುಷ್ಯರು ತಂದರು. ತಲೆದಿಂಬಿಗೆ ಅಂಥ ವಂಶಾವಳಿ ಇಲ್ಲ, ಇರುವುದು ಆಕಾರದ ಹೋಲಿಕೆ ಮಾತ್ರ. ಈಜಿಪ್ಟಿಗೂ ಕಾವೇರಿಗೂ ನಡುವಿನ ಹಾದಿಯಲ್ಲಿ ಅಂಥವೇ ವಸ್ತುಗಳು ಸಿಕ್ಕಬೇಕು, ಅವುಗಳ ಕಾಲವೂ ಒಂದರ ಹಿಂದೆ ಒಂದು ಹೊಂದಬೇಕು. ಅಲ್ಲಿಯವರೆಗೆ ಅದನ್ನು ನರಸೀಪುರದವರೇ ಕಾವೇರಿ ದಡದ ಮಣ್ಣಿನಲ್ಲಿ ಮಾಡಿಕೊಂಡದ್ದು ಎಂದು ಬರೆಯುವುದೇ ಸರಿಯೆಂದು ನನಗೆ ತೋರುತ್ತದೆ.